‘ಸದರಿ ಪದ’ಗಳ ಬಗ್ಗೆ ಆರೋಗ್ಯಾಧಿಕಾರಿಗಳಿಗೆ ಒಂದು ವಿವರಣೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಅಕ್ಕನಿಗೆ ನೀವು ಕಳಿಸಿದ ನೋಟಿಸು ಹೋದ ಶುಕ್ರವಾರ ತಲುಪಿತು. ಶಾಲೆಯ ಪೋಷಕರ ಸಭೆಯಲ್ಲಿ ಆಕೆ “ಅಸಭ್ಯವೆನಿಸುವ ಸದರಿ ಪದಗಳನ್ನು” ಬಳಸಿ, ಎಚ್‌ಪಿವಿ ಲಸಿಕೆಯ ಬಗ್ಗೆ “ಅನಧಿಕೃತವಾಗಿ ತಿಳಿವಳಿಕೆ ಮೂಡಿಸಿದ್ದಾರೆ” ಎಂಬುದು ಆರೋಪ. ಏಳು ದಿನದೊಳಗೆ ವಿವರಣೆ ಕೊಡಬೇಕಂತೆ. ಸಭೆ ನಡೆದು ಎರಡು ತಿಂಗಳಾಯಿತು. ಸಿಟ್ಟು ಬರುವುದಕ್ಕೇ ಎರಡು ತಿಂಗಳು ತೆಗೆದುಕೊಳ್ಳುವ ಕಚೇರಿ ವಿವರಣೆಗೆ ಏಳೇ ದಿನ ಕೊಡುವುದು ಯಾವ ನ್ಯಾಯ? ಇರಲಿ. ಅಕ್ಕ ಬಸ್ ಕಂಡಕ್ಟರ್. ಆಕೆಗೆ ಬರೆದು ಅಭ್ಯಾಸವಿಲ್ಲ, ಕೂಗಿ ಅಭ್ಯಾಸ. ಆದ್ದರಿಂದ ವಿವರಣೆಯನ್ನು ತಮ್ಮನಾದ ನಾನು ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಎಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ತೊಡಕು. “ಸದರಿ ಪದಗಳು” ಯಾವುವೆಂದು ನೋಟಿಸಿನಲ್ಲಿ ಎಲ್ಲೂ ಇಲ್ಲ. ಬರೆಯಲು ತಮಗೂ ನಾಚಿಕೆಯಾಯಿತೇ? ನಾನೇ ಬರೆಯುತ್ತೇನೆ: ಗರ್ಭಕಂಠ. ನೋಡಿ, ಬರೆದೆ. ಕಾಗದಕ್ಕೆ ಬೆಂಕಿ ಹತ್ತಿಕೊಳ್ಳಲಿಲ್ಲ.

ಈ ಧೈರ್ಯ ನನಗೆ ಬಂದದ್ದು ತೀರಾ ಈಚೆಗೆ. ನಿಮ್ಮ ಲಸಿಕೆಯ ಕರಪತ್ರ ಅಚ್ಚಾದ ಪ್ರೆಸ್ಸಿನಲ್ಲಿ ಕರಡು ತಿದ್ದುವವನು ನಾನೇ. ನಿಮ್ಮ ಕಚೇರಿಯ ಒಬ್ಬ ಯುವ ವೈದ್ಯೆ ಬರೆದ ಮೊದಲ ಪ್ರತಿ ಸೊಗಸಾಗಿತ್ತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಎಂದು ಮೊದಲ ಸಾಲಿನಲ್ಲೇ ಇತ್ತು. ನಿಮ್ಮ ಗುಮಾಸ್ತರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು “ಮುಜುಗರ” ಎಂದು ಬರೆದು ಹಿಂದಿರುಗಿಸಿದರು. ನಾನು ‘ಗರ್ಭಕಂಠ’ ತೆಗೆದು ‘ಒಂದು ಭಾಗ’ ಎಂದು ಹಾಕಿದೆ. ಎರಡನೇ ಸಲ ‘ಕ್ಯಾನ್ಸರ್’ ಹೋಯಿತು, ಜನ ಹೆದರುತ್ತಾರಂತೆ. ಅಲ್ಲಿ ‘ತೊಂದರೆ’ ಬಂತು. ಮೂರನೇ ಸಲ ‘ಲೈಂಗಿಕ ಸಂಪರ್ಕ’ದಲ್ಲಿ ಮೊದಲರ್ಧ ಹಾರಿಹೋಗಿ ಬರೀ ‘ಸಂಪರ್ಕ’ ಉಳಿಯಿತು. ಅದನ್ನು ಓದಿದವರು ಫೋನಿನಿಂದಲೂ ರೋಗ ಬರುತ್ತದೆಂದುಕೊಂಡರೆ ಅವರ ತಪ್ಪಲ್ಲ. ಕೊನೆಗೆ ಉಳಿದದ್ದು ಇಷ್ಟು: “ಒಂದು ವೈರಾಣು ಸಂಪರ್ಕದಿಂದ ಹರಡಿ ಒಂದು ಭಾಗದಲ್ಲಿ ತೊಂದರೆ ಉಂಟುಮಾಡಬಹುದು. ಅರ್ಹರು ಲಸಿಕೆ ಪಡೆಯತಕ್ಕದ್ದು.” ಮುಕ್ಕಾಲು ಹಾಳೆ ಖಾಲಿ. “ಜಾಗ ಬಿಡಬೇಡ್ರೀ, ಹೂ ಹಾಕಿ” ಎಂದರು ಗುಮಾಸ್ತರು. ಏಳು ಗುಲಾಬಿ ಹಾಕಿದೆ.

ಇಷ್ಟಕ್ಕೂ ಅಳಿಸಿದ್ದು ಯಾರ ಕೈ? ನನ್ನದೇ. ಅದೂ ಆ ಕಾಯಿಲೆ ನಮ್ಮ ಮನೆಯೊಳಗೇ ಬಂದುಹೋಗಿರುವಾಗ.

ಐದು ವರ್ಷದ ಹಿಂದೆ ಅಕ್ಕನಿಗೆ ನಲವತ್ತೆರಡು. ಮುಟ್ಟಿನ ದಿನವಲ್ಲದೆಯೂ ರಕ್ತ ಹೋಗುತ್ತಿತ್ತು. ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ದಿನಕ್ಕೆ ಆರು ಟ್ರಿಪ್ಪು ಗಂಟಲು ಹರಿಯುವಂತೆ ನಿಲ್ದಾಣಗಳ ಹೆಸರು ಕೂಗುತ್ತಿದ್ದವಳಿಗೆ ತನ್ನ ಮೈಯ ಒಂದು ಭಾಗದ ಹೆಸರು ಬಾಯಿಗೆ ಬರಲಿಲ್ಲ. ಕೊನೆಗೊಂದು ದಿನ ಡಿಪೋದಲ್ಲಿ ತಲೆ ತಿರುಗಿ ಬಿದ್ದಳು. ಆಸ್ಪತ್ರೆಗೆ ಕರೆದೊಯ್ದೆ. “ಎಲ್ಲಮ್ಮಾ ತೊಂದರೆ?” ಎಂದರು ಡಾಕ್ಟರು. “ಕೆಳಗೆ” ಎಂದಳು. ಅವರು ಬಗ್ಗಿ ಅವಳ ಮೊಣಕಾಲು ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ಶಸ್ತ್ರಚಿಕಿತ್ಸೆಯಾಯಿತು, ವಿಕಿರಣ ಚಿಕಿತ್ಸೆಯಾಯಿತು, ಮನುಷ್ಯಳು ಅರ್ಧಕ್ಕಿಳಿದಳು. ಬದುಕಿದಳು. ಈಗ ದೂರದ ರೂಟು ಆಗುವುದಿಲ್ಲ, ಊರೊಳಗಿನ ಬಸ್ಸಿನಲ್ಲಿದ್ದಾಳೆ.

ಕರಪತ್ರ ನನ್ನ ಮಗಳ ಚೀಲದಲ್ಲೇ ಮನೆಗೆ ಬಂತು, ಅವಳಿಗೀಗ ಹನ್ನೆರಡು. ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದರಲ್ಲಿ ನನ್ನ ಕಾಯಿಲೆ ಎಲ್ಲಿದೆಯೋ?”

“ತೆಗೆದ್ವಿ ಅಕ್ಕಾ. ಮುಜುಗರ ಅಂದ್ರು.”

“ನನ್ನ ಗರ್ಭಕೋಶ ಡಾಕ್ಟ್ರು ತೆಗೆದ್ರು, ಕಾಯಿಲೆ ಹೆಸರು ನೀನು ತೆಗ್ದೆ. ಇನ್ನು ಉಳಿದಿದ್ದಾದ್ರೂ ಏನು, ಈ ಗುಲಾಬಿನಾ?”

ನಾನು ಕರಪತ್ರವನ್ನು ಮಡಚಿ ಮಗಳ ಚೀಲಕ್ಕೇ ತುರುಕಿದೆ.

ಶನಿವಾರ ಸಭೆಗೆ ನನ್ನ ಜೊತೆ ಅವಳೂ ಬಂದಳು. ಆರು ಮತ್ತು ಏಳನೇ ತರಗತಿಯ ನಲವತ್ತಾರು ಹುಡುಗಿಯರಲ್ಲಿ ಐವರ ಮನೆಯವರು ಮಾತ್ರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಗುಮಾಸ್ತರು ಕರಪತ್ರವನ್ನು ಗಟ್ಟಿಯಾಗಿ ಓದಿ ಕೂತರು. ನಮ್ಮ ಬೀದಿಯ ಇಸ್ತ್ರಿಯಮ್ಮ ಎದ್ದು ನಿಂತಳು. ಅವಳ ಮಗಳು ನನ್ನ ಮಗಳ ತರಗತಿಯೇ.

“ಸಾರ್, ಅರ್ಹರು ಅಂದ್ರೆ ಯಾರು?”

“ಯಾರಿಗೆ ಅರ್ಹತೆ ಇದೆಯೋ ಅವರು.”

“ಈ ಸೂಜಿ ಚುಚ್ಚಿಸಿದ್ರೆ ಮುಂದೆ ಮಕ್ಕಳಾಗಲ್ವಂತೆ, ಹೌದಾ?”

ಗುಮಾಸ್ತರು ಕರಪತ್ರದಲ್ಲಿ ಹುಡುಕಿದರು. ಉತ್ತರ ಗುಲಾಬಿಯ ಹಿಂದೆಯೂ ಇರಲಿಲ್ಲ. ಆಗ ಎದ್ದಳು ನಮ್ಮಕ್ಕ. ಯಾರನ್ನೂ ಕೇಳಲಿಲ್ಲ, ತುಂಬಿದ ಬಸ್ಸಿನಲ್ಲಿ ದಾರಿ ಮಾಡಿಕೊಂಡು ಅಭ್ಯಾಸವಿದ್ದವಳು ಸೀದಾ ಮುಂದೆ ಹೋಗಿ ನಿಂತಳು.

“ಮಕ್ಕಳಾಗಲ್ಲ ಅನ್ನೋದು ಶುದ್ಧ ಸುಳ್ಳು. ಈ ಕಾಯಿಲೆ ಬಂದ್ರೆ ಆಗ ಆಗಲ್ಲ, ನನ್ನ ನೋಡಿ. ಗರ್ಭಕೋಶದ ಬಾಯಿಗೆ ಗರ್ಭಕಂಠ ಅಂತಾರೆ. ಅಲ್ಲಿ ಬರೋ ಕ್ಯಾನ್ಸರಿಗೆ ಹೆಚ್ಚುಕಮ್ಮಿ ಯಾವಾಗ್ಲೂ ಈ ಎಚ್‌ಪಿವಿ ವೈರಸ್ಸೇ ಕಾರಣ. ಗಂಡು ಹೆಣ್ಣು ಕೂಡಿದಾಗ ಹರಡತ್ತೆ. ಬಹಳ ಜನಕ್ಕೆ ಬರತ್ತೆ, ಬಂದಿದ್ದು ಗೊತ್ತೇ ಆಗದೆ ತಾನಾಗೇ ಹೋಗತ್ತೆ. ಕೆಲವರಲ್ಲಿ ಮಾತ್ರ ಹೋಗದೆ ಕೂತ್ಕೊಂಡು ಹತ್ತಿಪ್ಪತ್ತು ವರ್ಷಕ್ಕೆ ಕ್ಯಾನ್ಸರ್ ಮಾಡತ್ತೆ. ನಡತೆ ಮಾತು ಯಾರೂ ಎತ್ತಬೇಡಿ. ನನಗೆ ಜೀವನದಲ್ಲಿ ಒಬ್ನೇ ಗಂಡ, ಅಷ್ಟಕ್ಕೇ ಸಾಕುಸಾಕಾಗಿದೆ. ಆದ್ರೂ ಬಂತು.”

ಯಾರೋ ನಕ್ಕರು. ಅಲ್ಲಿಂದ ಸಭೆಗೆ ಜೀವ ಬಂತು.

“ಇಷ್ಟು ಚಿಕ್ಕ ಮಕ್ಕಳಿಗೆ ಯಾಕಕ್ಕಾ?” ಎಂದಳು ಇಸ್ತ್ರಿಯಮ್ಮ.

“ವೈರಸ್ ತಗಲೋಕೆ ಮುಂಚೆ ಹಾಕಿಸ್ಬೇಕು, ಅದಕ್ಕೆ. ಒಂಬತ್ತರಿಂದ ಹದಿನಾಲ್ಕರ ಒಳಗೆ ಹಾಕಿಸಿದ್ರೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡತ್ತೆ. ದೊಡ್ಡವರಾದ ಮೇಲೂ ಇಪ್ಪತ್ತಾರರವರೆಗೆ ಹಾಕಿಸ್ಕೋಬೋದು, ಆದ್ರೆ ಡೋಸು ಜಾಸ್ತಿ ಬೇಕಾಗ್ಬೋದು. ಅದಕ್ಕೂ ಮೇಲಿನ ವಯಸ್ಸಿನವರು ಡಾಕ್ಟ್ರನ್ನ ಕೇಳಿ. ಬಸುರಿಯರು ಹೆರಿಗೆ ಆಗೋ ತನಕ ಕಾಯ್ಬೇಕು. ಆದ್ರೆ ಒಳಗೆ ಸೇರಿದ ವೈರಸ್ಸನ್ನ ಇದು ಓಡಿಸಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.”

ಹಿಂದಿನ ಬೆಂಚಿನಿಂದ ಒಬ್ಬ ತಂದೆ ಕೇಳಿದರು: “ಹುಡುಗರಿಗೆ ಬೇಡ್ವಾ?”

“ವೈರಸ್ಸೇನು ಹೆಂಗಸರ ಸೀಟಲ್ಲಿ ಮಾತ್ರ ಕೂರತ್ತಾ? ಗಂಡಸರಿಗೂ ಗಂಟಲಲ್ಲಿ, ಗುದದಲ್ಲಿ ಕ್ಯಾನ್ಸರ್ ತರತ್ತೆ. ಹುಡುಗರೂ ಹಾಕಿಸ್ಕೋಬೋದು.”

ನಿಮ್ಮ ಗುಮಾಸ್ತರಿಗೆ ಈಗ ಮಾತು ಬಂತು. “ಅಲ್ಲಮ್ಮ, ಇದೆಲ್ಲ ಹಾಕಿಸಿದ್ರೆ ಮಕ್ಕಳು ದಾರಿ ತಪ್ಪಲ್ವಾ?”

“ಧನುರ್ವಾಯು ಇಂಜೆಕ್ಷನ್ ಕೊಡಿಸಿದ ಮಗು ತುಕ್ಕು ಮೊಳೆ ಹುಡುಕ್ಕೊಂಡು ಹೋಗಿ ತುಳಿಯತ್ತಾ ಸಾರ್?”

ಮಾನ್ಯರೇ, ಇವಿಷ್ಟೇ ಆ ಅಸಭ್ಯ ಮಾತುಗಳು. ಐದು ವರ್ಷ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನರ್ಸಮ್ಮನಿಂದ ಕಲಿತದ್ದು. ನಿಮ್ಮ ಯುವ ವೈದ್ಯೆಯನ್ನೇ ಕೇಳಿದೆ, ಒಂದು ತಪ್ಪೂ ಇಲ್ಲವೆಂದರು. ಹಾಗಾದರೆ ಅನಧಿಕೃತವಾದದ್ದು ಯಾವುದು? ಅರ್ಥವಾದದ್ದೇ?

ಲಸಿಕೆಯ ದಿನ ನಲವತ್ತಾರರಲ್ಲಿ ಮೂವತ್ತೊಂಬತ್ತು ಹುಡುಗಿಯರು ಸಾಲು ನಿಂತರು. ಒಬ್ಬಳಿಗೆ ತಲೆ ಸುತ್ತಿತು, ಕಾಲು ಗಂಟೆ ಮಲಗಿಸಿದರು, ಎದ್ದು ಆಡಲು ಹೋದಳು. ನನ್ನ ಮಗಳು ತೋಳು ನೋವೆಂದು ಎರಡು ದಿನ ಪಾತ್ರೆ ಮುಟ್ಟಲಿಲ್ಲ; ನೋವು ಒಂದೇ ದಿನಕ್ಕೆ ಹೋಗಿತ್ತೆಂಬುದು ನನ್ನ ಗುಮಾನಿ.

ಇನ್ನು ನಿಮ್ಮ ನೋಟಿಸಿನಲ್ಲಿಲ್ಲದ ಒಂದು ಸಂಗತಿ. ಸಭೆ ಮುಗಿದು ಗೇಟಿನ ಬಳಿ ಬಂದಾಗ ಇಸ್ತ್ರಿಯಮ್ಮ ಅಕ್ಕನ ಸೆರಗು ಹಿಡಿದಳು.

“ಮಗಳದ್ದಕ್ಕೆ ಸಹಿ ಹಾಕ್ತೀನಿ. ನನಗೀಗ ಮೂವತ್ತಾರು. ನನಗೂ ಕೊಡ್ತಾರಾ?”

“ನೀನು ಮೊದ್ಲು ಗರ್ಭಕಂಠದ ಪರೀಕ್ಷೆ ಮಾಡಿಸು. ಲಸಿಕೆ ಹಾಕಿಸ್ಕೊಂಡವರೂ ಮೂವತ್ತಾದ ಮೇಲೆ ಪರೀಕ್ಷೆ ತಪ್ಪಿಸೋ ಹಾಗಿಲ್ಲ.”

“ನನಗೇನೂ ಆಗಿಲ್ವಲ್ಲಕ್ಕಾ.”

“ಆದ ಮೇಲೆ ಹೋಗೋದಕ್ಕೆ ನಾನಿಲ್ವಾ? ನೀನು ಆಗೋ ಮುಂಚೆ ಹೋಗು.”

ಸೋಮವಾರ ಅಕ್ಕ ರಜೆ ಹಾಕಿ ಅವಳನ್ನು ತಾನೇ ಕರೆದುಕೊಂಡು ಹೋದಳು. ಗರ್ಭಕಂಠದಲ್ಲಿ ಒಂದು ಸಣ್ಣ ಬದಲಾವಣೆ ಕಂಡಿತು. ಕ್ಯಾನ್ಸರಲ್ಲ, ಬಿಟ್ಟಿದ್ದರೆ ಆಗಬಹುದಾಗಿತ್ತು ಎಂದರು. ಆ ಜಾಗಕ್ಕೆ ಚಿಕಿತ್ಸೆ ಕೊಟ್ಟು ಅಂದೇ ಸಂಜೆ ಮನೆಗೆ ಕಳಿಸಿದರು. “ಬರೀರಿ ಅಣ್ಣಾ, ಹೆಸರೊಂದು ಬೇಡ” ಎಂದು ಅವಳು ಒಪ್ಪಿದ್ದರಿಂದ ಬರೆಯುತ್ತಿದ್ದೇನೆ.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ನೋಟಿಸು ಹಿಂತೆಗೆದುಕೊಳ್ಳಿ. ವೈದ್ಯೆ ಬರೆದ ಮೊದಲ ಪ್ರತಿಯನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿಸಿ, ಹುಡುಗರ ಪೋಷಕರಿಗೂ ಹಂಚಿ. ಮುಂದಿನ ಸಭೆಗೆ ಗುಮಾಸ್ತರನ್ನು ಕಳಿಸದೆ ತಾವೇ ಬನ್ನಿ. ಬಂದು ಎಲ್ಲರ ಮುಂದೆ ಒಂದೇ ಒಂದು ಸಲ ಆ ಪದ ಹೇಳಿ. ನಾಲಿಗೆ ತೊದಲಿದರೆ ಚಿಂತೆಯಿಲ್ಲ, ಮುಂದಿನ ಸಾಲಿನಲ್ಲಿ ಹೇಳಿಕೊಡಲು ಮೂವತ್ತೊಂಬತ್ತು ಹುಡುಗಿಯರಿರುತ್ತಾರೆ.

ಇಂತಿ,
ತಿದ್ದುವುದೇ ಕಸುಬಾದರೂ ತನ್ನನ್ನು ತಡವಾಗಿ ತಿದ್ದಿಕೊಂಡ,
ಕಂಡಕ್ಟರಮ್ಮನ ತಮ್ಮ