ಸಾವಿರದ ಮುನ್ನೂರ ಐವತ್ತೆರಡು ಸುಳ್ಳಲ್ಲ

ಹಳೆಯ ದಾಖಲೆಗಳ ಕೋಣೆಯ ಬೀಗ ಹಿಡಿದಿರುವ ಮಾನ್ಯರೇ,

ರಾಜೇಶ್ವರದ ಶೇವಂತಾಬಾಯಿಯವರ ಹೊಲಕ್ಕೆ ಹೋಗುವ ಬಂಡಿದಾರಿಯ 1352ರ ನಕ್ಷೆಯ ದೃಢೀಕೃತ ನಕಲು ಕೇಳಿದ ನನ್ನ ಅರ್ಜಿಯನ್ನು ತಾವು ಎರಡು ಸಲ ತಿರಸ್ಕರಿಸಿದ್ದೀರಿ. ಮೊದಲ ಹಿಂಬರಹ: ‘1352ನೇ ಇಸವಿಯಲ್ಲಿ ಈ ಇಲಾಖೆ ಅಸ್ತಿತ್ವದಲ್ಲಿರಲಿಲ್ಲ.’ ಎಂಥ ಇತಿಹಾಸಜ್ಞಾನ! ಅದು ನಿಜಾಮರ ಕಾಲದ ಫಸ್ಲಿ ವರ್ಷ, ಐನೂರ ತೊಂಬತ್ತು ಕೂಡಿಸಿದರೆ ನಮ್ಮ ಇಸವಿ ಬರುತ್ತದೆ ಎಂದು ವಿವರಿಸಿ, 1942 ಎಂದು ತಿದ್ದಿ ಕೊಟ್ಟೆ. ಎರಡನೇ ಹಿಂಬರಹ: ‘1942ರ ನಕ್ಷೆ ಪುಸ್ತಕ ನಮ್ಮಲ್ಲಿಲ್ಲ.’ ಹೇಗಿರುತ್ತದೆ ಸ್ವಾಮಿ? ತಮ್ಮ ಕಪಾಟಿನ ಪುಸ್ತಕದ ಬೆನ್ನ ಮೇಲೆ ಉರ್ದುವಿನಲ್ಲಿ 1352 ಎಂದೇ ಇದೆ. ಕಿಟಕಿಯಾಚೆ ನಿಂತೇ ನಾನದನ್ನು ಓದಿದ್ದೇನೆ.

ನಾನು ಹುಮನಾಬಾದಿನ ವಕೀಲರೊಬ್ಬರ ಗುಮಾಸ್ತೆ. ವಾದಿಸುವವರು ಅವರು, ಕಾಗದ ಹುಡುಕುವುದು, ಪುಟಕ್ಕೆ ಸಂಖ್ಯೆ ಹಾಕುವುದು, ಕೋರ್ಟಿನ ಪೇಶಿಯ ದಿನ ಸಾಕ್ಷಿಯನ್ನು ಕರೆತಂದು ಕೂರಿಸುವುದು ನನ್ನ ಕೆಲಸ. ತೀರ್ಪಿನಲ್ಲಿ ನನ್ನ ಹೆಸರು ಬರುವುದಿಲ್ಲ. ಆದರೆ ಈ ದಾರಿಗಾಗಿ ಶೇವಂತಾಬಾಯಿ ಹೂಡಿದ ದಾವೆಯಲ್ಲಿ ಆದ ತಪ್ಪಿನಲ್ಲಿ ನನ್ನದೂ ಪಾಲಿದೆ. ತಮ್ಮ ಮನೆಯಲ್ಲಿದ್ದ, ಮುದ್ರೆಯಿಲ್ಲದ ಆ ಉರ್ದು ನಕ್ಷೆಯ ಹರಕು ಪ್ರತಿಯಲ್ಲಿ ಏನಿದೆ ಎಂದು ಆಕೆ ಕೇಳಿದಾಗ ಇದ್ದದ್ದನ್ನು ಇದ್ದಹಾಗೆ ಓದಿದೆ. ಫಸ್ಲಿ ಎಂದರೇನೆಂದು ಬಿಡಿಸಿ ಹೇಳಲಿಲ್ಲ. ಪಾಟೀಸವಾಲಿನಲ್ಲಿ ಎದುರಿನ ವಕೀಲರು ದಾರಿ ಯಾವಾಗಿನದೆಂದು ಕೇಳಿದರು.

“ಸಾವಿರದ ಮುನ್ನೂರಾ ಐವತ್ತೆರಡರದ್ದರಿ,” ಎಂದರು ಆಕೆ.

“ಆರುನೂರಾ ಎಪ್ಪತ್ತು ವರ್ಷದ ಹಿಂದಿಂದು ನಿಮಗ ಹ್ಯಾಂಗ ಗೊತ್ತಾತ್ರಿ, ಆಯಿ?”

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ನಮ್ಮ ವಕೀಲರು ಎದ್ದು ಫಸ್ಲಿ ಲೆಕ್ಕ ವಿವರಿಸಿದರು. ಹಾಗಾದರೆ ಮುದ್ರೆಯ ನಕಲು ತನ್ನಿ ಎಂದು ನ್ಯಾಯಾಧೀಶರು ಹದಿನೆಂಟನೇ ತಾರೀಖಿನವರೆಗೆ ಅವಕಾಶ ಕೊಟ್ಟಿದ್ದಾರೆ. ಅಷ್ಟರೊಳಗೆ ನಕಲು ಹಾಜರಾಗದಿದ್ದರೆ ಸಾಕ್ಷ್ಯ ಮುಗಿಯಿತು. ಪಕ್ಕದ ಹೊಲದವರು ದಾರಿಗೆ ಹಾಕಿದ ಮುಳ್ಳುತಂತಿ ಕಾಯಂ ಆಯಿತು. ಈಗಲೇ ಆಕೆ ಹಳ್ಳ ಸುತ್ತಿ, ತಲೆಯ ಮೇಲೆ ಹೊರೆ ಹೊತ್ತು ತಮ್ಮ ಹೊಲದಿಂದ ಬರುತ್ತಾರೆ. ಎಪ್ಪತ್ತು ದಾಟಿದವರು ಇನ್ನೆಷ್ಟು ವರ್ಷ ಹೊರಬೇಕು?

ಅಂದು ಕೋರ್ಟಿನಿಂದ ಬಸವಕಲ್ಯಾಣದ ಬಸ್ ಸ್ಟ್ಯಾಂಡಿನವರೆಗೂ ಆಕೆಯ ಜೊತೆ ನಡೆದೆ. ಬಸ್ಸು ಹತ್ತುವಾಗ ಆಕೆ ಕೇಳಿದರು: “ಬೇಟಿ, ನಾ ಆಣಿ ಮಾಡಿ ಸುಳ್ಳ ಹೇಳಿದೆನೇನ?”

ಕಪಾಟು ತೆರೆಯಿರಿ. ಓದುವವರಿಲ್ಲದಿದ್ದರೆ ನನ್ನನ್ನು ಕರೆಯಿರಿ, ಪುಟ ತೋರಿಸುತ್ತೇನೆ. ಹದಿನೆಂಟರೊಳಗೆ ನಕಲು ಕೊಡಿ. ಕೊಡುವುದಿಲ್ಲವಾದರೆ ಮೂರನೇ ಹಿಂಬರಹ ನನಗೆ ಬರೆಯಬೇಡಿ. ರಾಜೇಶ್ವರಕ್ಕೆ ಹೋಗಿ, ಸುಳ್ಳು ಹೇಳಿದ್ದು ಯಾರೆಂದು ಆಕೆಗೆ ತಾವೇ ತಿಳಿಸಿ.

ಇಂತಿ,
ಉರ್ದು ಓದಲು ಬಂದರೂ ಸಮಯಕ್ಕೆ ಬಿಡಿಸಿ ಹೇಳಲು ಬಾರದ
ಸರ್ವರಿ, ಹುಮನಾಬಾದ