ನೀನು ಕೆಂಚಯ್ಯನಿಗೆ ಹೊರಿಸಿದ ಸ್ಪ್ಯಾನರ್

ಕೊಬ್ಬರಿ ಮಂಡಿ, ಅರಸೀಕೆರೆ
ಗುರುವಾರ

ಪುಟ್ಟರಾಜುವಿಗೆ ಇಂದ್ರೇಶ ಬರೆಯುವುದು,

ಉಭಯ ಕುಶಲೋಪರಿ ಎಂದು ಶುರುಮಾಡುವುದು ವಾಡಿಕೆ. ಉಭಯರಲ್ಲಿ ಒಬ್ಬನ ಕುಶಲ ನನಗೆ ಗೊತ್ತಿದೆ. ಬೇಲೂರಿನಲ್ಲಿ ನೀನು ಹತ್ತಕ್ಕೆ ಬ್ಯಾಂಕಿನ ಕೆಲಸಕ್ಕೆ ಹೋಗಿ, ಸಂಜೆ ನಾಲ್ಕು ಜನರನ್ನು ಕೂರಿಸಿಕೊಂಡು ವಾಯುಪಡೆಯ ಕಥೆ ಹೇಳುತ್ತಿರುತ್ತೀಯ. ಇನ್ನೊಬ್ಬನದು ಅಷ್ಟು ಚೆನ್ನಾಗಿಲ್ಲ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗುತ್ತೀಯ, ನೀನು ನಕ್ಕರೆ ನಾನೂ ನಗುತ್ತೇನೆ, ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. ಈ ಸಲ ಮುಗಿಯಕೂಡದು.

ಹೈಸ್ಕೂಲಿನಲ್ಲಿ ನಾವು ಮೂವರೂ ಒಂದೇ ಬೆಂಚು. ನೀನು, ನಾನು, ಕೆಂಚಯ್ಯ. ವಾಯುಪಡೆಗೆ ಮೂವರೂ ಹೋಗಿ ನಿಂತೆವು. ನೀವಿಬ್ಬರು ಆಯ್ಕೆಯಾದಿರಿ. ನನ್ನ ಎದೆಯ ಅಳತೆ ಸಾಲಲಿಲ್ಲ, ಬಾಯಿಯ ಅಳತೆ ಹೆಚ್ಚಾಗಿಯೇ ಇತ್ತು, ಅದನ್ನೇ ಬಂಡವಾಳ ಮಾಡಿಕೊಂಡು ಕೊಬ್ಬರಿ ವ್ಯಾಪಾರಕ್ಕಿಳಿದೆ. ನೀನು ಎಂಜಿನ್ ಫಿಟ್ಟರ್, ಅವನು ಚಕ್ರ ಬ್ರೇಕು ನೋಡುವವನು. ಸುತ್ತಿ ಸುಳಿದು ಇಬ್ಬರೂ ಒಂದೇ ಮಿಗ್ ವಿಮಾನಗಳ ಸ್ಕ್ವಾಡ್ರನ್ ಸೇರಿದಿರಿ. ರಜೆಗೆ ಬಂದರೆ ಕೆಂಚಯ್ಯ ರೈಲಿಳಿದು ಸೀದಾ ಹಳೇಬೀಡಿನ ಬಸ್ಸು ಹತ್ತುತ್ತಿದ್ದ. ನೀನು ಟ್ರಂಕು ಹೊತ್ತುಕೊಂಡು ಮೊದಲು ನನ್ನ ಮಂಡಿಗೆ ಬರುತ್ತಿದ್ದೆ. ಆ ಒಂದು ಕಾರಣಕ್ಕೆ ಸ್ಕ್ವಾಡ್ರನ್ನಿನ ಚರಿತ್ರೆಯೆಲ್ಲ ನನಗೆ ನಿನ್ನ ಬಾಯಿಂದ ಬಂತು.

ಅದು ನನಗೆ ನಮ್ಮ ವಂಶದ ಕಥೆಗಿಂತ ಚೆನ್ನಾಗಿ ಬರುತ್ತದೆ. ಎಪ್ಪತ್ತೊಂದರ ಯುದ್ಧಕ್ಕೆ ಮೊದಲು ಡೇರೆಗಳಲ್ಲಿ ಹುಟ್ಟಿದ ಸ್ಕ್ವಾಡ್ರನ್ ಅದು. ಶತ್ರುವಿನ ವಿಮಾನ ಗಡಿ ದಾಟಿತೆಂದರೆ ಮೇಲೇರಿ ಅಡ್ಡಗಟ್ಟುವುದು, ಬಾಂಬು ಹೊತ್ತು ಹೋಗುವ ನಮ್ಮ ವಿಮಾನಗಳಿಗೆ ಮೇಲಿನಿಂದ ಕಾವಲಿರುವುದು ಅದರ ಕಸುಬು. ರನ್‌ವೇ ತುದಿಯಲ್ಲಿ ಯಾವಾಗಲೂ ಎರಡು ವಿಮಾನ ಸಜ್ಜಾಗಿರುತ್ತಿದ್ದವು. ಪೈಲಟ್ ಬೂಟು ಬಿಚ್ಚುವಂತಿಲ್ಲ, ಗಂಟೆ ಹೊಡೆದರೆ ಕೈಯ ಚಹಾ ಎಲ್ಲಿ ಬಿತ್ತೆಂದು ನೋಡುವಂತಿಲ್ಲ. ‘ಮೇಲೆ ಹಾರೋದು ಒಬ್ಬನೇ ಕಣೋ, ಅವನ ಕೆಳಗೆ ನೂರು ಕೈ ಇರ್ತವೆ’ ಎನ್ನುತ್ತಿದ್ದೆ ನೀನು. ವಿಮಾನಗಳು ಹಳತಾಗಿ ಹೋದ ಮೇಲೂ ಸ್ಕ್ವಾಡ್ರನ್ನಿನ ಸಂಖ್ಯೆಯನ್ನು ಅಳಿಸುವುದಿಲ್ಲ, ಎತ್ತಿಡುತ್ತಾರೆ, ಹೊಸ ವಿಮಾನ ಬಂದಾಗ ಅದೇ ಸಂಖ್ಯೆಯಲ್ಲಿ ಮತ್ತೆ ಎಬ್ಬಿಸುತ್ತಾರೆ ಎಂದೂ ನೀನೇ ಹೇಳಿದ್ದು. ನಾನು ಅದನ್ನು ಮಂಡಿಯವರಿಗೆ ಬಿಡಿಸಿ ಹೇಳುತ್ತಿದ್ದೆ: ಸ್ವಾಮಿಗಳು ಲಿಂಗೈಕ್ಯರಾದರೆ ಮಠ ಮುಚ್ಚುತ್ತದೇನ್ರಯ್ಯ, ಪೀಠ ಕಾಯುತ್ತಿರುತ್ತದೆ.

ಆದರೆ ಎಲ್ಲರೂ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದುದು ಸ್ಪ್ಯಾನರಿನ ಕಥೆಯನ್ನು. ನಿಮ್ಮಲ್ಲಿ ಒಂದು ಕಟ್ಟಳೆ ಇದೆ. ಪ್ರತಿ ಸಲಕರಣೆಗೂ ಹಲಗೆಯ ಮೇಲೆ ಅದರದೇ ಆಕಾರ ಬರೆದ ಜಾಗ. ಕೆಲಸ ಮುಗಿದ ಮೇಲೆ ಒಂದು ಜಾಗ ಖಾಲಿ ಕಂಡರೂ ವಿಮಾನ ಕದಲಕೂಡದು, ಯುದ್ಧವೇ ನಡೆಯುತ್ತಿರಲಿ. ಕಳೆದವನು ತಾನಾಗಿ ಬಾಯಿಬಿಟ್ಟರೆ ಶಿಕ್ಷೆಯಿಲ್ಲ, ಬಚ್ಚಿಟ್ಟರೆ ಕ್ಷಮೆಯಿಲ್ಲ. ಕಾರ್ಗಿಲ್ ಯುದ್ಧದ ಬೇಸಿಗೆಯಲ್ಲಿ, ಆಗಷ್ಟೇ ಇಳಿದು ಮತ್ತೆ ಏರಲು ಸಿದ್ಧವಾದ ವಿಮಾನದೊಳಗೆ ಕೆಂಚಯ್ಯ ಸ್ಪ್ಯಾನರ್ ಮರೆತ, ಹೆದರಿ ಸುಮ್ಮನಾದ, ನೀನು ಖಾಲಿ ಜಾಗ ನೋಡಿ, ಎರಡೂ ಕೈಯನ್ನು ತಲೆಯ ಮೇಲೆ ಕತ್ತರಿಯಂತೆ ಹಿಡಿದು ವಿಮಾನದ ಮುಂದೆ ಅಡ್ಡ ನಿಂತೆ. ಪೈಲಟ್ ಬದುಕಿದ, ನಿನಗೆ ಎಲ್ಲರೆದುರು ಶಹಭಾಸ್‌ಗಿರಿ ಸಿಕ್ಕಿತು. ಹೀಗೆಂದು ನೀನು ನನಗೆ ಹೇಳಿದೆ, ನಾನು ಊರಿಗೆ ಹೇಳಿದೆ. ಮಾಲು ಚೆನ್ನಾಗಿತ್ತು, ಓಡಿತು.

ಓಡಿ ಓಡಿ ಹಳೇಬೀಡನ್ನೂ ಮುಟ್ಟಿತು. ಕೆಂಚಯ್ಯ ನಿವೃತ್ತನಾಗಿ ಬಂದು ಬಸ್ತಿಹಳ್ಳಿ ರಸ್ತೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಾಗ, ಮೋಟಾರು ತಂದವರೆಲ್ಲ ‘ಸ್ಪ್ಯಾನರ್ ಒಳಗೇ ಬಿಟ್ಬಿಟ್ಟೀಯ ಕೆಂಚಣ್ಣ, ಎಣಿಸ್ಕೊಳ್ಳಪ್ಪ’ ಎಂದು ನಗುತ್ತಿದ್ದರು. ಅವನ ಮುಂಗೈಯ ಸುಟ್ಟ ಕಲೆಯನ್ನು ತಪ್ಪಿಗೆ ಸಿಕ್ಕ ಗುರುತು ಎಂದು ತೋರಿಸುತ್ತಿದ್ದರು. ಅವನೂ ನಗುತ್ತಿದ್ದ. ನಗುವವನಿಗೆ ನೋವಿಲ್ಲವೆಂಬುದು ನಮ್ಮ ಪೇಟೆಯ ಲೆಕ್ಕ.

ಕಳೆದ ತಿಂಗಳು ನಿಮ್ಮ ಮಿಗ್‌ಗಳ ಕೊನೆಯ ದಿನಕ್ಕೆ ನನ್ನನ್ನು ಕರೆದುಕೊಂಡು ಹೋದೆ. ‘ಬಾರೋ, ಆಯಸ್ಸೆಲ್ಲ ಹೇಳ್ಕೊಂಡು ತಿರುಗಿದ್ದೀಯ, ಒಂದ್ಸಲ ಕಣ್ಣಲ್ಲಿ ನೋಡು’ ಎಂದೆ. ನೋಡಿದೆ. ಕೊನೆಯ ವಿಮಾನ ಇಳಿದು, ಎಂಜಿನ್ನಿನ ಸದ್ದು ಸಣ್ಣಗಾಗುತ್ತಾ ನಿಂತುಹೋದಾಗ ಆ ಮೈದಾನದಲ್ಲಿ ಎಂಥೆಂಥ ಮೀಸೆಯವರೋ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ನಿನ್ನ ಭುಜದ ಮೇಲೆ ಕೈಯಿಟ್ಟುಕೊಂಡೇ ಒರೆಸಿಕೊಂಡೆ, ಅದು ನೆನಪಾದರೆ ಈಗ ಮೈ ಉರಿಯುತ್ತದೆ.

ಯಾಕೆಂದರೆ ಅದಾದ ಕೂಡಲೇ ಅವರು ಬಂದರು, ಅಂದು ಆ ವಿಮಾನದಲ್ಲಿ ಕೂತಿದ್ದ ಪೈಲಟ್ ಶರತ್‌ಚಂದ್ರ ಸಾಹೇಬರು. ನಿನ್ನನ್ನು ತಬ್ಬಿಕೊಂಡು ಹಿಂದಿಯಲ್ಲಿ ‘ಏನು ರಾಜು, ನಿನ್ನ ಸ್ಪ್ಯಾನರ್ ಎಲ್ಲ ಎಣಿಸಿ ಬಂದೆಯಾ?’ ಎಂದರು. ಸುತ್ತಲಿದ್ದ ಹಳಬರೆಲ್ಲ ಗೊಳ್ಳೆಂದರು. ನೀನು ನನ್ನ ತೋಳು ಹಿಡಿದು ‘ಬಾರೋ, ಅಲ್ಲಿ ಟೀ ಕೊಡ್ತಾವ್ರೆ’ ಎಂದು ಎಳೆದೆ. ನನಗೆ ಹಿಂದಿ ಅಷ್ಟಕ್ಕಷ್ಟೇ ಎಂದುಕೊಂಡೆಯೇನೋ. ಮೂವತ್ತು ವರ್ಷ ಉತ್ತರದ ಸೇಟುಗಳಿಗೆ ಕೊಬ್ಬರಿ ಮಾರಿದವನು ಕಣಯ್ಯ ನಾನು! ಅವರು ಬೈಯುವುದೂ ಗೊತ್ತಾಗುತ್ತದೆ, ಬೈಯದೆ ಬಿಡುವುದೂ ಗೊತ್ತಾಗುತ್ತದೆ.

ಸಾಹೇಬರು ನನ್ನ ಕಡೆ ತಿರುಗಿದರು. ‘ನಿಮ್ಮೂರಿನವನು ನನ್ನ ಜೀವ ಉಳಿಸಿದ. ತನ್ನದೇ ಸ್ಪ್ಯಾನರ್ ಒಳಗೆ ಮರೆತಿದ್ದ. ಓಡಿಬಂದು ಅಡ್ಡ ನಿಂತು, ತಪ್ಪು ನನ್ನದು ಸಾರ್ ಅಂದ. ಯುದ್ಧದ ಹೊತ್ತಲ್ಲಿ ಹಾಗನ್ನೋಕೆ ಎಂಥ ಎದೆ ಬೇಕು! ಇನ್ನೊಬ್ಬನಿದ್ದನಲ್ಲ, ಸಣಕಲ, ನಿಮ್ಮ ಕಡೆಯವನೇ, ಕಾದ ಎಂಜಿನ್ ಸಂದಿಗೆ ಮೊಣಕೈವರೆಗೂ ಕೈ ಹಾಕಿ ಅದನ್ನ ತೆಗೆದವನು. ಅವನೆಲ್ಲಿ? ಬರಲಿಲ್ಲವಾ?’

ನೀನು ಹೇಳಿದೆ: ‘ಅವನಿಗೆ ಹುಷಾರಿಲ್ಲ ಸಾರ್.’

ಮಾತು ನಂಬಿ ಸರಕು ಎತ್ತುವವನು ನಾನು. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಗಟ್ಟಿಯೋ ಕೌಟೋ ಹೇಳಿಬಿಡುತ್ತೇನೆ, ಒಡೆಯುವುದೇ ಬೇಡ. ನಿನ್ನನ್ನು ಮಾತ್ರ ಅಲ್ಲಾಡಿಸಿ ನೋಡಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ. ವಾಪಸು ಬರುವಾಗ ಎರಡು ದಿನ ರೈಲಿನಲ್ಲಿ ನೀನು ಕಡಲೆಕಾಯಿ ಸುಲಿದು ಸುಲಿದು ನನ್ನ ಕೈಗಿಟ್ಟೆ. ಈಗ ಹೇಳುತ್ತಾನೆ, ಮುಂದಿನ ಸ್ಟೇಷನ್ ಕಳೆದ ಮೇಲೆ ಹೇಳುತ್ತಾನೆ ಎಂದು ಕಾದೆ. ಅರಸೀಕೆರೆ ಬಂತು. ನೀನು ‘ಬರ್ಲೇನೋ’ ಎಂದೆ, ಇಳಿದು ಬೇಲೂರಿನ ಬಸ್ಸಿಗೆ ಹೋದೆ.

ಮಾರನೆಯ ದಿನವೇ ನಾನು ಹಳೇಬೀಡಿಗೆ ಹೋದೆ. ಕೆಂಚಯ್ಯ ಮೋಟಾರು ಬಿಚ್ಚಿಕೊಂಡು ಕೂತಿದ್ದ, ಕಲ್ಲಿನಂತೆ ಗಟ್ಟಿಯಾಗಿದ್ದ. ಕೊನೆಯ ದಿನದ ಸಮಾರಂಭವಿತ್ತೆಂಬುದೇ ಅವನಿಗೆ ಗೊತ್ತಿಲ್ಲ. ಆಮೇಲೆ ಮಾಜಿ ಸೈನಿಕರ ಸಂಘದವರನ್ನು ಕೇಳಿದರೆ, ಅವನಿಗೂ ತಿಳಿಸುವುದಾಗಿ ಒಪ್ಪಿಕೊಂಡವನು ನೀನಂತೆ. ನಾನು ಕೇಳಿದ್ದನ್ನೆಲ್ಲ ಹೇಳಿದೆ. ‘ಇಷ್ಟು ವರ್ಷ ಬಾಯಿ ಹೊಲ್ಕೊಂಡಿದ್ಯಾ? ಒಂದ್ ಮಾತು ಹೇಳ್ಬಾರ್ದಿತ್ತೇನ್ಲಾ?’ ಎಂದು ರೇಗಿದೆ. ಅವನು ಕೈಯ ಎಣ್ಣೆ ಒರೆಸಿಕೊಂಡ. ‘ಯಾರ್ ತಾವ ಹೇಳ್ಲಿ? ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೋನು ನೀನು. ನೀನು ಅವನ ಕಡೆಯೋನು. ನಾನು ಹೇಳಿದ್ರೆ ನಂಬ್ತಿದ್ಯಾ?’ ಎಂದ. ನಾನು ನಂಬುತ್ತಿದ್ದೆ ಎನ್ನಲು ಬಾಯಿ ತೆರೆದೆ. ಅವನು ಆಗಲೇ ಮತ್ತೆ ಮೋಟಾರಿಗೆ ಕೈ ಹಾಕಿದ್ದ.

ಮನೆಗೆ ಬಂದು ಹೆಂಡತಿ ಪುಷ್ಪಲತಾ ಹತ್ತಿರ ಹೇಳಿಕೊಂಡರೆ, ‘ನಿಮ್ಮ ನಾಲಿಗೆಗೆ ಹೆದರಿ ಸುಳ್ಳು ಹೇಳಿರ್ತಾರೆ ಕಣ್ರೀ, ನಿಜ ಹೇಳಿದ್ರೆ ಅದನ್ನೂ ಹಂಚ್ತಿದ್ರಿ’ ಎಂದಳು. ಇರಬಹುದು. ಹಾಗಿದ್ದರೂ ನನಗೆ ಒಂದು ಮಾತು ಬಗೆಹರಿಯುವುದಿಲ್ಲ, ರಾಜು. ನಿನ್ನ ಕೆಲಸ ಕಳೆಯಬಲ್ಲ ಅಧಿಕಾರಿಯ ಮುಂದೆ, ಯುದ್ಧದ ನಡುವೆ, ಕ್ಷಣವೂ ತಡಮಾಡದೆ ‘ತಪ್ಪು ನನ್ನದು’ ಎಂದವನು ನೀನು. ಆ ಕಥೆಯನ್ನು ಇದ್ದ ಹಾಗೇ ತಂದುಕೊಟ್ಟಿದ್ದರೆ ನಾನು ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದೆ. ನೀನು ಹೊಗಳಿಕೆಯನ್ನು ಇಟ್ಟುಕೊಂಡು ಸ್ಪ್ಯಾನರನ್ನು ಕೆಂಚಯ್ಯನ ಕೈಗೆ ಕೊಟ್ಟೆ, ಅದೂ ನಿನಗೋಸ್ಕರ ಸುಟ್ಟುಕೊಂಡ ಕೈಗೆ. ಅಷ್ಟು ಧೈರ್ಯ ನಿಮ್ಮ ಸ್ಕ್ವಾಡ್ರನ್ನಿನ ಗೇಟಿನವರೆಗೆ ಮಾತ್ರವಾ? ಅಲ್ಲಿ ಅಪರಿಚಿತರು ನಿಜಕ್ಕೆ ಅರ್ಹರು, ಇಲ್ಲಿ ಬೆಂಚಿನ ಗೆಳೆಯ ಸುಳ್ಳಿಗೆ ಅರ್ಹ. ನನ್ನ ಬಾಯಿಂದ ಅವನನ್ನು ಹೊಡೆಸಿದೆಯಲ್ಲೋ.

ಈ ಭಾನುವಾರ ಇಲ್ಲಿನ ಮಾಜಿ ಸೈನಿಕರು ಸ್ಕ್ವಾಡ್ರನ್ನಿನ ನೆನಪಿಗೆ ನಿನಗೆ ಸನ್ಮಾನ ಇಟ್ಟಿದ್ದಾರೆ. ಪರಿಚಯ ಭಾಷಣ ನನ್ನದೆಂದು ಅಚ್ಚಾಗಿದೆ. ನಿಜವನ್ನು ನಾನೇ ಹೇಳಿಬಿಡಬಹುದು. ನಾನು ಹೇಳಿದರೆ ಅದು ಇಂದ್ರೇಶನ ಇನ್ನೊಂದು ಕಥೆಯಾಗುತ್ತದೆ, ಜನ ನಕ್ಕು ಊಟಕ್ಕೆ ಏಳುತ್ತಾರೆ. ಕಳೆದವನೇ ಕೂಗಿ ಹೇಳಬೇಕೆಂಬುದು ನಿಮ್ಮ ಕಟ್ಟಳೆ, ನಮ್ಮದಲ್ಲ. ನಿನ್ನೆ ಮತ್ತೆ ಹೋಗಿ ಕೆಂಚಯ್ಯನನ್ನು ಕರೆದೆ. ‘ಅವನು ಕರೀಲಿ, ಬತ್ತೀನಿ. ನೀನು ಕರೆದ್ರೆ ಕೆಲ್ಸ ಐತೆ’ ಎಂದ. ಶನಿವಾರದೊಳಗೆ ಅವನಿಗೆ ಫೋನ್ ಮಾಡು. ಅವನನ್ನು ವೇದಿಕೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಅಂದು ಸಾಹೇಬರಿಗೆ ಹೇಳಿದ ಮಾತನ್ನು ಈ ಊರಿಗೆ ಹೇಳು.

ಮಾಡದಿದ್ದರೆ ನಾನು ಗಲಾಟೆ ಮಾಡುವುದಿಲ್ಲ. ಮೈಕಿನ ಹತ್ತಿರ ಬರುವುದೂ ಇಲ್ಲ. ಸಂಘದ ನಟರಾಜ್‌ಗೆ ಆ ಕಥೆ ಕಂಠಪಾಠ, ನನ್ನಿಂದಲೇ ಕಲಿತಿದ್ದು, ಕೈಸನ್ನೆ ಸಮೇತ ಹೇಳುತ್ತಾನೆ. ಶಾಲು ಹೊದ್ದು ಕೂತು ಪೂರ್ತಿ ಕೇಳಿಸಿಕೊ. ಚಪ್ಪಾಳೆ ಬೀಳುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ನನ್ನನ್ನು ಹುಡುಕಬೇಡ. ನಾನು ಹಳೇಬೀಡಿನಲ್ಲಿ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತಿರುತ್ತೇನೆ. ಅವನು ಕೂರು ಎಂದರೆ.

ಮೀನಾಕ್ಷಿಗೂ ಮಕ್ಕಳಿಗೂ ಶಿವ ಒಳ್ಳೆಯದು ಮಾಡಲಿ. ನಿನಗೂ ಮಾಡಲಿ, ನೀನು ಕೆಂಚಯ್ಯನಿಗೆ ಫೋನ್ ಮಾಡಿದ ಮೇಲೆ.

ಇಂತಿ, ಏನೆಂದು ಸಹಿ ಮಾಡಬೇಕೋ ತಿಳಿಯದೆ ಬರೀ ಹೆಸರು ಬರೆಯುತ್ತಿರುವ,
ಇಂದ್ರೇಶ