ಸಣ್ಣ ಬುರುಡೆಯ ಹುಳಿಹಾಲು

ಇಟೆನ್
ಮೇ ೧೭, ಶನಿವಾರ ಸಂಜೆ

ನನ್ನ ಜೆರು ಅಕ್ಕನಿಗೆ,

ಇವತ್ತು ಬೆಳಿಗ್ಗೆ ಅಜ್ಜಿಯ ಹೆಬ್ಬೆರಳು ಮಸಿಯಾಗಿತ್ತು. ಗೋಡೆ ತಡವಿಕೊಂಡು ಒಳಗೆ ಬಂದವಳು ನನ್ನ ಹೆಜ್ಜೆ ಸಪ್ಪಳ ಕೇಳಿದ್ದೇ ಆ ಬೆರಳನ್ನು ಹೊದೆದ ಬಟ್ಟೆಯ ಮಡಿಕೆಯಲ್ಲಿ ಬಚ್ಚಿಟ್ಟಳು. ಚಹಾ ಕಾಯಿಸಲು ಹೋದಾಗ ನೋಡಿದೆ, ಬಾಗಿಲ ಹಿಂದಿನ ಮೊಳೆ ಖಾಲಿ. ಮಣಿಪಟ್ಟಿಯ ಸಣ್ಣ ಸೋರೆಬುರುಡೆ ಅಲ್ಲಿರಲಿಲ್ಲ. ಗೆದ್ದು ಬಂದವರ ಬಾಯಿಗೆ ಹಿಡಿಯುವುದಕ್ಕೆಂದೇ ಇಟ್ಟದ್ದಲ್ಲವೇ ಅದು? ಹುಡುಕಿದರೆ, ಒಳಗೆಲ್ಲ ಕೆಂಡದ ಕಡ್ಡಿ ಆಡಿಸಿ, ಹಾಲು ತುಂಬಿ, ಮುಚ್ಚಳ ಬಿಗಿದು ಮಂಚದ ಕೆಳಗೆ ಇಟ್ಟಿದ್ದಳು. ಹುಳಿ ಬರಲು ನಾಲ್ಕು ದಿನ. ನೀವೆಲ್ಲ ಶಾಂಘೈಯಿಂದ ಬಂದಿಳಿಯುವುದು ಬುಧವಾರ. ಅಜ್ಜಿಯ ಲೆಕ್ಕ ಸರಿಯಾಗಿಯೇ ಇತ್ತು.

ನಮ್ಮೂರಿನಲ್ಲಿ ಮೇಕೆಗಳಿಗೂ ಗೊತ್ತು, ಓಟದ ಮೊಲಕ್ಕೆ ಹುಳಿಹಾಲಿಲ್ಲ. ಎರಡೂವರೆ ಸುತ್ತು ಮುಂದೆ ಓಡಿ, ಬೇರೆಯವರಿಗೆ ವೇಗ ಕಟ್ಟಿಕೊಟ್ಟು, ಕೊನೆಯ ಸುತ್ತಿನ ಗಂಟೆ ಹೊಡೆಯುವ ಮೊದಲೇ ಪಕ್ಕಕ್ಕೆ ಸರಿದು ಹುಲ್ಲಿನ ಮೇಲೆ ನಿಂತು ಚಪ್ಪಾಳೆ ತಟ್ಟುವ ಮೊಲವನ್ನು ಯಾರು ತಾನೆ ವಿಮಾನ ನಿಲ್ದಾಣದಲ್ಲಿ ಎದುರುಗೊಳ್ಳುತ್ತಾರೆ? ಮೂರು ವರ್ಷದಿಂದ ನೀನು ಬ್ಯಾಗು ಹೆಗಲಿಗೇರಿಸಿ ಹಿಂದಿನ ಬಾಗಿಲಿನಿಂದ ಬರುವುದನ್ನು ನಾನೇ ನೋಡಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಿನ್ನೆ ನೀನು ಕಳಿಸಿದ ಧ್ವನಿ ಸಂದೇಶವನ್ನು ನಾಲ್ಕು ಸಲ ಕೇಳಿದೆ. ‘ಜೆಮೆಲಿ, ಕಾಲು ಹಗುರಾಗಿದೆ ಕಣೇ. ಈ ಸಲ ನಿಲ್ಲೋಕೆ ಮನಸ್ಸಿಲ್ಲ. ಓಡಿ ಕೊನೇಲಿ ಬಿದ್ರೆ ಮತ್ತೆ ಯಾರೂ ಕರೆಯಲ್ಲ. ನಿಂತ್ರೆ ಸಾಯೋವರೆಗೂ ಮೊಲಾನೇ. ಏನ್ ಮಾಡ್ಲಿ ಹೇಳು.’ ಸಾವಿರದೈನೂರು ಮೀಟರನ್ನು ನಾಲ್ಕು ನಿಮಿಷದೊಳಗೆ ಮುಗಿಸಿದರೆ ದೇಶದ ಆಯ್ಕೆ ಓಟಕ್ಕೆ ಸೇರಿಸುತ್ತಾರಂತೆ ಎಂದೂ ನೀನು ಹೇಳಿದ್ದೆ. ನಾನು ಉತ್ತರ ಕೊಡಲಿಲ್ಲ. ಓಡು ಅಂದು ನೀನು ಸೋತರೆ? ನಿಲ್ಲು ಅಂದು ನೀನು ನಿಂತೇಬಿಟ್ಟರೆ? ನಿನಗಿಂತ ಆರು ವರ್ಷ ಚಿಕ್ಕವಳನ್ನು, ಬಸ್ಸಿನಲ್ಲಿ ‘ಇಳೀಬೇಕು’ ಎಂದು ಕೂಗಲಾರದೆ ಮುಂದಿನ ಊರಿನಿಂದ ನಡೆದು ಬರುವವಳನ್ನು ಇಂಥ ಪ್ರಶ್ನೆ ಕೇಳಬಾರದಿತ್ತು ನೀನು.

ಇನ್ನೊಂದು ತಪ್ಪಿದೆ. ಅದು ಮೂರು ವರ್ಷ ಹಳೆಯದು. ನೀನು ಮೊದಲ ಸಲ ಮೊಲವಾಗಿ ಓಡಿದ ದಿನ ಅಜ್ಜಿಯನ್ನು ಟೀವಿ ಇರುವ ತೆಕ್ಲಾಳ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಅವಳ ಕಣ್ಣಿಗೆ ಬೆಳಕೊಂದು ಬಿಟ್ಟು ಏನೂ ಕಾಣದು. ಕಿವಿಯಲ್ಲಿ ಓಟ ಹೇಳುತ್ತಾ ಹೋದೆ. ನೀನು ಪಕ್ಕಕ್ಕೆ ಸರಿದ ಮೇಲೆ ‘ಈಗ ಎಷ್ಟನೇವಳು?’ ಎಂದು ಕೇಳಿದಳು. ‘ನಿಂತುಬಿಟ್ಟಳು’ ಎನ್ನಲು ನಾಲಗೆ ಏಳಲಿಲ್ಲ. ‘ಐದನೇವಳು’ ಅಂದೆ. ಅಂದ ಮೇಲೆ ಉಳಿದದ್ದನ್ನೂ ಓಡಿಸಬೇಕಾಯಿತು. ಅಂದಿನಿಂದ ಒಂಬತ್ತು ಓಟ, ಅಕ್ಕ. ನೀನು ಹುಲ್ಲಿನ ಮೇಲೆ ನೀರು ಕುಡಿಯುತ್ತಿದ್ದಾಗ ನಾನು ನಿನ್ನನ್ನು ತಿರುವಿನಲ್ಲಿ ಹೊರಗಿನಿಂದ ನುಗ್ಗಿಸಿದ್ದೇನೆ, ಯಾರದೋ ಮೊಣಕೈ ತಾಗಿಸಿದ್ದೇನೆ, ಒಮ್ಮೆ ಶೂ ಕಳಚಿ ಬರಿಗಾಲಲ್ಲಿ ಓಡಿಸಿದ್ದೇನೆ. ಐದನೇವಳು, ಆರನೇವಳು, ಒಮ್ಮೆ ನಾಲ್ಕನೇವಳು. ಅದಕ್ಕೇ ಬುರುಡೆ ನೋಡಿ ಹೆದರಿದೆ. ಈ ಸಲ ಗೆದ್ದೇ ಗೆಲ್ಲುತ್ತಾಳೆಂದು ಅಜ್ಜಿ ಹಾಲು ಹಾಕಿದ್ದಳೆಂದರೆ, ಆ ಹಾಲಿಗೆ ಹೆಪ್ಪಾದದ್ದು ನನ್ನ ಸುಳ್ಳು.

ನಿಮಗೆ ರಾತ್ರಿ ಎಂಟು ಅಂದರೆ ನಮಗೆ ಮಧ್ಯಾಹ್ನ ಮೂರು. ಎರಡಕ್ಕೇ ತೆಕ್ಲಾಳ ಹೋಟೆಲು ತುಂಬಿಹೋಗಿತ್ತು. ಬೆಂಚಿಗೆ ಆರು ಜನ, ಕಿಟಕಿಗೆ ನಾಲ್ಕು ಜನ, ಬೆಳಗಿನ ಓಟದ ಕೆಂಪು ಧೂಳು ಇನ್ನೂ ಕಾಲಲ್ಲೇ. ನಮ್ಮ ಬಾಡಿಗೆ ಬೈಕಿನ ಕಿಮುತೈ ಟೀವಿಯ ಕೆಳಗೇ ಕುಳಿತಿದ್ದ. ಗೆಲ್ಲುವವಳು ಯಾರೆಂದರೆ ಎಲ್ಲರ ಬಾಯಲ್ಲೂ ಫಿಲಿಸಳ ಹೆಸರು. ‘ಇವತ್ತು ಫಿಲಿಸ್ ಎಲ್ಲರನ್ನೂ ಬಟ್ಟೆ ಒಗೆದ ಹಾಗೆ ಒಗೀತಾಳೆ ನೋಡ್ರೋ’ ಎಂದ ಅವನು. ಅಜ್ಜಿಯನ್ನೂ ಟೀಚರ್ ಕಾಲೇಜು ಓದುವ ನನ್ನನ್ನೂ ಕಂಡವನೇ, ‘ಬಾ ಅಜ್ಜಿ, ಬಾ ಟೀಚರಮ್ಮ! ನಿಮ್ಮ ಜೆರು ಇದ್ರೆ ಗಡಿಯಾರ ಬೇಡ ಬಿಡು. ಮೊಲ ಅಂದ್ರೆ ಅದು!’ ಎಂದು ಕೂಗಿದ. ಹೊಗಳಿಕೆಯೇ. ಆದರೂ ಅಜ್ಜಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಎಂದಿನಂತೆ ಬಾಗಿಲ ಪಕ್ಕ ಕುಳಿತೆವು. ಜನರ ಬೆನ್ನುಗಳ ಮಧ್ಯೆ ಟೀವಿ ಕಾಣುವುದಿಲ್ಲವೆಂದು ನಾನು ಫೋನಿನಲ್ಲೂ ಓಟ ಹಾಕಿಕೊಂಡಿದ್ದೆ. ಅದು ಟೀವಿಗಿಂತ ಹನ್ನೆರಡು ಸೆಕೆಂಡು ಹಿಂದೆ.

ಗುಂಡು ಹಾರಿತು. ನೀನು ಮುಂದೆ, ನಿನ್ನ ಬೆನ್ನಿಗೆ ಫಿಲಿಸ್, ಅವಳ ಹಿಂದೆ ಹಸಿರು ಅಂಗಿಯ ಇಥಿಯೋಪಿಯಾದ ಹುಡುಗಿ. ಹಳೆಯ ಓಟಗಾರ ಚೆಸಾಂಗ್ ತಾತ ಮೊದಲ ಸುತ್ತಿಗೆ ತನ್ನ ತುಕ್ಕು ಹಿಡಿದ ಗಡಿಯಾರ ಒತ್ತಿ, ‘ಅರವತ್ನಾಲ್ಕು! ಕೂದಲೆಳೆ ಹೆಚ್ಚೂ ಇಲ್ಲ, ಕಡಿಮೇನೂ ಇಲ್ಲ!’ ಎಂದ. ಎಂಟುನೂರು ಮೀಟರಿಗೆ ಎರಡು ನಿಮಿಷ ಎಂಟು. ‘ಇವಳ ಕಾಲಲ್ಲಿ ದೇವರು ಮುಳ್ಳು ಇಟ್ಟಿದ್ದಾನೆ ಕಣ್ರಯ್ಯಾ, ಗಡಿಯಾರದ ಮುಳ್ಳು!’ ಇಡೀ ಹೋಟೆಲು ಎದ್ದು ನಿಂತಿತು. ನೀನು ಸರಿಯಬೇಕಾದ ಜಾಗಕ್ಕೆ ಇನ್ನು ಅರ್ಧ ತಿರುವು.

ಆಗ ಟೀವಿ ಕಪ್ಪಾಯಿತು.

ಫಿಲಿಸ್ ಗೆದ್ದೊಡನೆ ಎಲ್ಲರೂ ಚಿಪ್ಸ್ ಕೇಳುತ್ತಾರೆಂದು ತೆಕ್ಲಾ ಎಣ್ಣೆಯ ಯಂತ್ರದ ಸ್ವಿಚ್ಚು ಹಾಕಿದ್ದಳು. ಫ್ಯೂಸು ಸುಟ್ಟುಹೋಯಿತು. ‘ಏ ತೆಕ್ಲಾ, ನಿನ್ನ ಆಲೂಗಡ್ಡೆಗೆ ಬೆಂಕಿ ಬೀಳ!’ ‘ನನಗ್ಯಾಕೋ ಬೈತೀಯಾ, ಹೋದ ವಾರ ಈ ವೈರು ಕಟ್ಟಿದ್ದು ಯಾರು? ನೀನೇ ತಾನೆ!’ ಕಿಮುತೈ ಗೋಡೆಯ ಕಡೆ ಓಡಿದ. ಆ ಗಲಾಟೆಯಲ್ಲಿ ನನ್ನ ಕೈಯಲ್ಲಿನ ಅಂಗೈಯಗಲದ ಪರದೆಯಲ್ಲಿ ಮಾತ್ರ ನೀನು ಇನ್ನೂ ಓಡುತ್ತಿದ್ದೆ, ಹನ್ನೆರಡು ಸೆಕೆಂಡು ಹಿಂದೆ.

ತಿರುವು ಮುಗಿಯಿತು. ನೀನು ಒಳಗಿನ ಹುಲ್ಲಿನ ಕಡೆ ಒಮ್ಮೆ ನೋಡಿದೆ. ಅಕ್ಕ, ಆ ನೋಟ ನನಗೆ ಗೊತ್ತು. ಚಿಕ್ಕಂದಿನಲ್ಲಿ ಕಣಿವೆಯ ಅಂಚಿನ ದಾರಿಯಲ್ಲಿ ನಾನು ಸುಸ್ತಾಗಿ ಕುಳಿತಾಗ ಹಿಂದಿರುಗಿ ನೋಡುತ್ತಿದ್ದೆಯಲ್ಲ, ಅದೇ. ಆಮೇಲೆ ಮುಖ ಮುಂದಕ್ಕೆ ತಿರುಗಿಸಿದೆ. ಗಂಟೆ ಹೊಡೆಯಿತು. ನೀನು ನಿಲ್ಲಲಿಲ್ಲ.

‘ಬಿಟ್ಟಿಲ್ಲ’ ಎಂದೆ ಅಜ್ಜಿಯ ಕಿವಿಯಲ್ಲಿ. ‘ಅಕ್ಕ ಓಟ ಬಿಟ್ಟಿಲ್ಲ. ಗಂಟೆ ಆಯ್ತು, ಇನ್ನೂ ಮುಂದೇನೇ ಇದ್ದಾಳೆ.’

ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ‘ನನಗೊಬ್ಬಳಿಗೇ ಯಾಕೆ ಹೇಳ್ತೀಯಾ? ಎದ್ದು ನಿಂತು ಹೇಳು.’

ಹೇಗೆ ಎದ್ದೆನೋ ಗೊತ್ತಿಲ್ಲ. ಕಾಲ ಕೆಳಗೆ ಸೋಡಾ ಪೆಟ್ಟಿಗೆ ಇತ್ತು. ‘ಜೆರುಬೆತ್ ನಿಂತಿಲ್ಲ!’ ಎಂದು ಕೂಗಿದೆ. ನನ್ನ ದನಿ ನನಗೇ ಪರಿಚಯವಿರಲಿಲ್ಲ. ಎಲ್ಲರೂ ಘೊಳ್ಳೆಂದು ನಕ್ಕರು. ‘ಅವಳು ಆಗಲೇ ನಿಂತಾಯ್ತು ಕಣೇ, ನಿನ್ನ ಫೋನೂ ನಿಂತಿರಬೇಕು ನೋಡು!’ ‘ಟೀಚರಮ್ಮ, ಕಥೆ ಕಟ್ಟೋದು ಕಾಲೇಜಲ್ಲಿ ಕಲಿತ್ಯಾ?’ ಆ ಮಾತು ಚುಚ್ಚಿತು. ಒಂಬತ್ತು ಸಲ ಕಟ್ಟಿದ್ದನ್ನು ಒಂದೇ ಕಿವಿ ನಂಬಿತ್ತು. ಇವತ್ತು ಕಣ್ಣಾರೆ ಕಂಡದ್ದನ್ನು ಹೇಳಿದರೆ ನಲವತ್ತು ಜನರಲ್ಲಿ ಒಬ್ಬರೂ ನಂಬುತ್ತಿಲ್ಲ! ಆದರೆ ನಿಲ್ಲಿಸಲು ನನ್ನಿಂದಾಗಲಿಲ್ಲ. ನೀನು ನಿಲ್ಲದೆ ನಾನು ಹೇಗೆ ನಿಲ್ಲಿಸಲಿ?

‘ಇನ್ನು ಮುನ್ನೂರು ಮೀಟರು! ಫಿಲಿಸ್ ಪಕ್ಕಕ್ಕೆ ಬಂದಳು. ಹೆಗಲಿಗೆ ಹೆಗಲು. ಜೆರು ಬಿಡ್ತಾ ಇಲ್ಲ! ಹಸಿರು ಅಂಗಿ ಹಿಂದೇನೇ ಬರ‍್ತಿದೆ...’ ಕಿಮುತೈ ವೈರು ಹಲ್ಲಲ್ಲಿ ಕಚ್ಚಿಕೊಂಡೇ ಬಂದು ನನ್ನ ಭುಜದ ಮೇಲಿಂದ ಇಣುಕಿದ. ವೈರು ಬಾಯಿಂದ ಬಿತ್ತು. ‘ಅಯ್ಯಯ್ಯೋ! ನಿಜ ಕಣ್ರೋ! ಮೊಲ ಓಡ್ತಾನೇ ಇದೆ!’

ಆಮೇಲಿನದನ್ನು ಹೇಗೆ ಬರೆಯಲಿ? ಹೋಟೆಲಿನ ತಗಡು ಹಾರಿಹೋಗುವ ಹಾಗೆ ನಿನ್ನ ಹೆಸರು. ಕೊನೆಯ ನೇರ ದಾರಿಯಲ್ಲಿ ಫಿಲಿಸ್ ನಿನ್ನನ್ನು ದಾಟಿದಳು. ಅದನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಹಸಿರು ಅಂಗಿ ನಿನ್ನ ಮೊಣಕೈಯವರೆಗೆ ಬಂತು. ನಿನ್ನ ತಲೆ ಎಡಕ್ಕೆ ವಾಲಿತು, ಬಾಯಿ ತೆರೆಯಿತು. ‘ಇಲ್ಲ, ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಟ್ಟಿಲ್ಲ, ಎದೆ ಮುಂದೆ ಹಾಕಿದಳು, ಎರಡನೇವಳು! ಎರಡನೇವಳು!’

ಚೆಸಾಂಗ್ ತಾತ ಗಡಿಯಾರ ಒತ್ತಿ ಮುಖ ಸಣ್ಣದು ಮಾಡಿದ. ‘ನಾಲ್ಕು ನಿಮಿಷ ಹನ್ನೊಂದು. ಪಾಪ, ಆಯ್ಕೆಗೆ ಸಾಲದು.’ ಜನ ಒಮ್ಮೆಲೇ ತಣ್ಣಗಾದರು. ಆಗ ನನಗೆ ನೆನಪಾಯಿತು. ‘ತಾತ, ನೀವು ಶುರು ಮಾಡಿದ್ದು ಟೀವಿ ನೋಡಿ, ನಿಲ್ಲಿಸಿದ್ದು ಹಿಂದೆ ಬಿದ್ದಿರೋ ನನ್ನ ಫೋನು ಕೇಳಿ. ಹನ್ನೆರಡು ಕಳೀರಿ!’ ತಾತ ಬೆರಳು ಮಡಿಸಿ ಎಣಿಸುವಷ್ಟರಲ್ಲಿ ಯಾರೋ ಫ್ಯೂಸಿಗೆ ವೈರು ಸಿಕ್ಕಿಸಿದರು, ಟೀವಿ ಬೆಳಗಿತು. ಪಟ್ಟಿಯಲ್ಲಿ ಎರಡನೆಯ ಸಾಲು ನೀನು: ಮೂರು ನಿಮಿಷ ಐವತ್ತೆಂಟು ಚಿಲ್ಲರೆ. ಕಿಮುತೈ ತೆಕ್ಲಾಳನ್ನು ಎತ್ತಿ ತಿರುಗಿಸಿದ. ಅವಳು ‘ಇಳಿಸೋ ಕತ್ತೆ, ಎಣ್ಣೆ ಕಾದಿದೆ!’ ಎಂದು ಅವನ ತಲೆಗೆ ಮೊಟಕಿದಳು.

ನಿನ್ನ ಮ್ಯಾನೇಜರ್ ಏನಂದನೋ ಗೊತ್ತಿಲ್ಲ. ಬೈದಿದ್ದರೆ ಬೈಯಲಿ ಬಿಡು. ವೇಗ ಒಂದು ಸೆಕೆಂಡೂ ತಪ್ಪದಂತೆ ಕಟ್ಟಿಕೊಟ್ಟೇ ಓಡಿದ್ದೀಯಲ್ಲ.

ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ಇದರ ಫೋಟೊ ತೆಗೆದು ಕಳಿಸುತ್ತೇನೆ. ವಿಮಾನ ಹತ್ತುವ ಮೊದಲು ಓದು.

ಉತ್ತರ ಕೊಡದೆ ಉಳಿದಿದ್ದ ನಿನ್ನ ತಂಗಿ,
ಜೆಮೆಲಿ

ಬರೆಯಲು ಮರೆತದ್ದು: ಮನೆಗೆ ಬರುವ ದಾರಿಯಲ್ಲಿ ಅಜ್ಜಿಗೆ ಒಂಬತ್ತು ಸುಳ್ಳನ್ನೂ ಒಪ್ಪಿಸಿದೆ. ಅವಳು ನನ್ನ ಹೆಗಲು ಹಿಡಿದು ನಡೆಯುತ್ತಲೇ, ‘ಗೊತ್ತಿತ್ತು ಕಣೇ’ ಎಂದಳು. ‘ಟೀವಿಯವನು ಗಂಟೆ ಆಗೋವರೆಗೂ ಜೆರುಬೆತ್ ಜೆರುಬೆತ್ ಅಂತಾನೆ, ಆಮೇಲೆ ಆ ಹೆಸರೇ ಎತ್ತಲ್ಲ. ನನಗೆ ಕಣ್ಣಿಲ್ಲ, ಕಿವಿ ಇಲ್ವಾ?’ ಮತ್ತೆ ಯಾಕೆ ಸುಮ್ಮನಿದ್ದೆ ಎಂದರೆ ನಕ್ಕಳು. ‘ವಾರಗಟ್ಟಲೆ ಬಾಯಿ ಬಿಡದ ಹುಡುಗಿ, ಆ ಒಂದು ಸುತ್ತಿನಲ್ಲಿ ಎಷ್ಟು ಮಾತಾಡ್ತಿದ್ದೆ! ಅದನ್ನ ಕೇಳೋಕೇ ಬರ‍್ತಿದ್ದೆ.’ ಒಂಬತ್ತು ಸಲವೂ ಸಣ್ಣ ಬುರುಡೆಗೆ ಹಾಲು ಹಾಕಿ, ಕೊನೆಗೆ ತಾನೇ ಕುಡಿದಿದ್ದಳಂತೆ. ನಾನು ಗಮನಿಸಿದ್ದು ಹತ್ತನೆಯದನ್ನು.

ಎರಡನೆಯವಳಿಗೆ ಹುಳಿಹಾಲು ಹಿಡಿಯುವ ಪದ್ಧತಿ ಇಲ್ಲ. ಬುಧವಾರ ಫಿಲಿಸಳ ಕಡೆಯವರು ಎರಡು ವ್ಯಾನು ತುಂಬ ಬರುತ್ತಾರೆ, ಹಾಡು, ಪೀಪಿ ಎಲ್ಲ ಇರುತ್ತದೆ. ಬುರುಡೆ ಹಿಡಿದವರು ಮೊದಲು ಹೆಸರು ಕೂಗಬೇಕು, ಆಮೇಲೆ ಬಾಯಿಗೆ ಹಿಡಿಯಬೇಕು. ಅಷ್ಟು ಜನರ ಮುಂದೆ. ಅಜ್ಜಿಗೆ ಇನ್ನೂ ಹೇಳಿಲ್ಲ, ಆದರೆ ಕಿಮುತೈಗೆ ಹೇಳಿ ವಿಮಾನ ನಿಲ್ದಾಣಕ್ಕೆ ಬೈಕು ಗೊತ್ತು ಮಾಡಿಕೊಂಡಿದ್ದೇನೆ. ಹಿಂದಿನ ಬಾಗಿಲಿನಿಂದ ಬರಬೇಡ, ಅಕ್ಕ. ಮುಂದಿನಿಂದಲೇ ಬಾ. ಸ್ವಲ್ಪ ಬಗ್ಗು, ನನ್ನ ಕೈ ನಡುಗುತ್ತಿರುತ್ತದೆ. ದನಿ ನಡುಗುವುದಿಲ್ಲ.